ಸುಟ್ಟ ಮೋಟಾರೇ ಪಠ್ಯಪುಸ್ತಕ

ಬೆಳಿಗ್ಗೆ ಐಟಿಐ, ಸಂಜೆ ವೈಂಡಿಂಗ್ ಅಂಗಡಿ, ಅಡಿಕೆ ಕೊಯ್ಲಿನ ಕಾಲಕ್ಕೆ ರಾತ್ರಿ ಸುಲಿಯುವ ಯಂತ್ರದ ಕೆಲಸ. ತ್ಯಾವಣಿಗೆ ಕಡೆಯ ಎಲೆಕ್ಟ್ರಿಷಿಯನ್ ವಿದ್ಯಾರ್ಥಿಯೊಬ್ಬನ ದಿನಚರಿ ಇದು. ನಮ್ಮ ತೋಟದ ನೀರು ನಾಳೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯೂ ಇದರೊಳಗೇ ಇದೆ.

ತ್ಯಾವಣಿಗೆ ಸೀಮೆಯವರಿಗೆ ಭತ್ತದ ತಳಿ ಬಗ್ಗೆ ಕೇಳಬೇಕಾದರೆ ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರವಿದೆ. ಅಡಿಕೆ ಮಾರಲು ಚನ್ನಗಿರಿಯಲ್ಲಿ ತುಮ್ಕೋಸ್ ಇದೆ. ಗೊಬ್ಬರಕ್ಕೆ, ಸಾಲಕ್ಕೆ, ಮಣ್ಣು ಪರೀಕ್ಷೆಗೆ ಒಂದೊಂದು ಬಾಗಿಲು ಇದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೋಟಾರು ಸುಟ್ಟರೆ? ಆಗ ತಟ್ಟಬೇಕಾದ್ದು ಒಂದೇ ಬಾಗಿಲು. ಅದು ವೈಂಡಿಂಗ್ ಅಂಗಡಿಯ ಬಾಗಿಲು.

ಭದ್ರಾ ನಾಲೆಯ ನೀರು ನಂಬಿ ಭತ್ತ ಬೆಳೆಯುತ್ತಿದ್ದ ಸೀಮೆ ನಮ್ಮದು. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು. ಭತ್ತಕ್ಕೆ ನಾಲೆಯಲ್ಲಿ ನೀರು ನಿಂತರೆ ಆ ಬೆಳೆ ಬಿಟ್ಟು ಕೂರಬಹುದು. ತೋಟಕ್ಕೆ ಹಾಗಲ್ಲ. ಹತ್ತು ವರ್ಷ ಸಾಕಿದ ಮರ ಒಂದು ಬೇಸಿಗೆಯಲ್ಲಿ ತಲೆ ಬಾಗಿಸುತ್ತದೆ. ಹಾಗಾಗಿ ನಾಲೆ ಪಕ್ಕದ ತೋಟಕ್ಕೂ ಬೋರ್‌ವೆಲ್ ಬಂತು. ಬೋರ್‌ವೆಲ್ ಜತೆ ಮೋಟಾರು ಬಂತು. ಮೋಟಾರಿನ ಜತೆ ಅದನ್ನು ಸುಡುವ ಕರೆಂಟೂ ಬಂತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ 2008ರಿಂದ ಕರೆಂಟು ಪುಕ್ಕಟೆ. ಮೋಟಾರು ಕಟ್ಟಿಸುವ ಖರ್ಚು ಮಾತ್ರ ನಮ್ಮದೇ.

ಈ ಕೆಲಸ ಕಲಿಯುವ ಹುಡುಗರು ಎಲ್ಲಿಂದ ಬರುತ್ತಾರೆ, ಹೇಗೆ ಕಲಿಯುತ್ತಾರೆ, ಕಲಿತ ಮೇಲೆ ಎಲ್ಲಿಗೆ ಹೋಗುತ್ತಾರೆ? ನಾವು ಯೋಚಿಸುವುದು ಕಡಿಮೆ. ನಮ್ಮ ಪಕ್ಕದ ತೋಟದವರ ಮಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಓದುತ್ತಿದ್ದಾನೆ. ಎರಡನೇ ವರ್ಷ. ಹೆಸರು ಇಲ್ಲಿ ಬೇಡ. ಅವನಂಥವರು ಪ್ರತಿ ಊರಲ್ಲೂ ಇದ್ದಾರೆ. ಕೆಲವು ತಿಂಗಳಿಂದ ಅವನ ದಿನಚರಿಯನ್ನು ಹತ್ತಿರದಿಂದ ನೋಡಿ ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಬಸ್ಸು

ಐದೂವರೆಗೆ ಅವನ ದಿನ ಶುರು. ಎದ್ದವನೇ ಕೊಟ್ಟಿಗೆ ಕೆಲಸ, ಆಮೇಲೆ ತೋಟದ ಸ್ಟಾರ್ಟರ್ ಕಡೆ ಒಂದು ಸುತ್ತು. ಮೂರು ಫೇಸು ರಾತ್ರಿ ಪಾಳಿಯಲ್ಲಿ ಬರುವ ವಾರ ಆಗಿದ್ದರೆ ಅಪ್ಪನ ಜತೆ ರಾತ್ರಿಯೂ ಒಂದು ಸಲ ಎದ್ದಿರುತ್ತಾನೆ. ಎಂಟು ಗಂಟೆ ಒಳಗೆ ದಾವಣಗೆರೆ ಕಡೆ ಹೋಗುವ ಬಸ್ಸು ಹಿಡಿಯಬೇಕು. ಬುತ್ತಿಯಲ್ಲಿ ರೊಟ್ಟಿ, ಪಲ್ಯ. ಚೀಲದಲ್ಲಿ ಒಂದು ದಪ್ಪ ನೋಟುಬುಕ್ಕು, ಡ್ರಾಯಿಂಗ್ ಹಾಳೆ, ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೇಯರ್. ನೀಲಿ ಅಂಗಿ, ಕಾಲಿಗೆ ಶೂ.

ಶೂ ವಿಷಯದಲ್ಲಿ ಮನೆಯಲ್ಲಿ ಮೊದಲು ತಕರಾರಿತ್ತಂತೆ. "ಮದುವಿಗೆ ಹೋಗೋನ ತರ ಶೂ ಹಾಕ್ಕೊಂಡು ಮೋಟ್ರು ಬಿಚ್ಚಾಕೆ ಹೋಗ್ತಾನೆ" ಎಂದು ಅಜ್ಜಿ ನಗುತ್ತಿದ್ದರು. ಒಣಗಿದ ರಬ್ಬರ್ ತಳದ ಶೂ ಯಾಕೆ ಬೇಕು ಎಂದು ಅವನೇ ಅಜ್ಜಿಗೆ ಬಿಡಿಸಿ ಹೇಳಿದ. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ನಿಂತು ಸ್ಟಾರ್ಟರ್ ಮುಟ್ಟುವ ನಮಗೂ ಆ ಪಾಠ ಬೇಕಿತ್ತು.

ಹುಡುಗಿಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತ. ಹುಡುಗರು ಪಾಸು ಮಾಡಿಸಬೇಕು. ಬಸ್ಸು ತಪ್ಪಿದರೆ ಹಾಜರಿ ಹೋಯಿತು. ಹಾಜರಿ ನೂರಕ್ಕೆ ಎಂಬತ್ತು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೊಯ್ಲಿನ ಕಾಲದಲ್ಲಿ "ಇವತ್ತೊಂದು ದಿನ ಮನೇಲಿರು" ಎಂದು ಅಪ್ಪ ಹೇಳುವುದು, "ಆಗಲ್ಲ" ಎಂದು ಮಗ ಹೇಳುವುದು, ಇದು ಆ ಮನೆಯ ಮಾಮೂಲಿ ಜಗಳ.

ಐಟಿಐಯಲ್ಲಿ ಕಲಿಸುವುದೇನು?

ಐಟಿಐ ಎಂದರೆ ಹತ್ತನೇ ತರಗತಿ ಫೇಲಾದವರು ಹೋಗುವ ಜಾಗ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಸೇರಲು ವಿಜ್ಞಾನ, ಗಣಿತ ಸಮೇತ ಹತ್ತನೇ ತರಗತಿ ಪಾಸಾಗಿರಬೇಕು. ಕೋರ್ಸು ಎರಡು ವರ್ಷ. ದೇಶದಲ್ಲಿ ಕುಶಲಕರ್ಮಿಗಳನ್ನು ತಯಾರು ಮಾಡುವ ಈ ಯೋಜನೆ 1950ರಿಂದ ನಡೆದು ಬಂದಿದೆ. ಪಾಸಾದವರಿಗೆ ದೇಶದ ಎಲ್ಲ ಕಡೆ ನಡೆಯುವ ಪ್ರಮಾಣಪತ್ರ ಸಿಗುತ್ತದೆ.

2022ರಲ್ಲಿ ಪಠ್ಯ ಬದಲಾಯಿತು. ಈಗ ವರ್ಷಕ್ಕೆ 1200 ಗಂಟೆ ಪಾಠ. ಅದರಲ್ಲಿ 840 ಗಂಟೆ ಕೈಕೆಲಸವೇ. ಉಳಿದದ್ದು ಥಿಯರಿ ಮತ್ತು ಉದ್ಯೋಗಕ್ಕೆ ಬೇಕಾದ ಮಾತು, ಬರವಣಿಗೆ, ಕಂಪ್ಯೂಟರ್. ಇದಲ್ಲದೆ ಹೊರಗಿನ ಕೆಲಸದ ಜಾಗದಲ್ಲಿ ಅಥವಾ ಗುಂಪಿನ ಪ್ರಾಜೆಕ್ಟಿನಲ್ಲಿ 150 ಗಂಟೆ ಕಳೆಯಬೇಕು. ಪ್ರಾಕ್ಟಿಕಲ್‌ನಲ್ಲಿ ಪಾಸಾಗಲು ನೂರಕ್ಕೆ 60 ಬೇಕು. ಥಿಯರಿಗೆ 33 ಸಾಕು. ಅಂದರೆ ಬಾಯಿಪಾಠದ ಕೋರ್ಸಲ್ಲ, ಕೈ ಪಾಠದ ಕೋರ್ಸು.

ಮೊದಲ ವರ್ಷದಲ್ಲಿ ಕೈ ಪಳಗಿಸುವ ಕೆಲಸವೇ ಹೆಚ್ಚು. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದು, ಗರಗಸ, ಡ್ರಿಲ್ಲು. ತಂತಿಗೆ ತಂತಿ ಸೇರಿಸುವುದರಲ್ಲೇ ಹಲವು ಬಗೆಯ ಜಾಯಿಂಟು. "ಒಂದು ವಾರ ಬರೀ ತಂತಿ ತಿರುಚಿದ್ದೇ ಆಯ್ತು ದೊಡ್ಡಪ್ಪ, ಇದನ್ನೇನು ಕಲಿಯೋದು ಅನ್ನಿಸ್ತಿತ್ತು" ಎಂದ. ಮೇಷ್ಟ್ರು ಒಂದು ದಿನ ಸಡಿಲ ಜಾಯಿಂಟಿನ ತಂತಿಗೆ ಕರೆಂಟು ಹರಿಸಿ, ಆರಿಸಿದ ಮೇಲೆ ಕೈ ಇಟ್ಟು ನೋಡು ಎಂದರಂತೆ. ಜಾಯಿಂಟು ಬಿಸಿಯಾಗಿತ್ತು. ಉಳಿದ ತಂತಿ ತಣ್ಣಗಿತ್ತು. ಸಡಿಲ ಜಾಯಿಂಟು ಕರೆಂಟು ತಿನ್ನುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಬೆಂಕಿ ಹಿಡಿಯುತ್ತದೆ. ನಮ್ಮ ತೋಟದಲ್ಲಿ ಕೇಬಲ್ಲಿಗೆ ಪ್ಲಾಸ್ಟಿಕ್ ಕವರು ಸುತ್ತಿ ಕಟ್ಟಿರುವ ಜಾಯಿಂಟುಗಳನ್ನು ಆಮೇಲೆ ಅವನು ಒಂದೊಂದೇ ಬಿಚ್ಚಿ ಕಟ್ಟಿದ.

ನಂತರ ಮನೆ ವೈರಿಂಗ್, ಅರ್ಥಿಂಗ್, ಬ್ಯಾಟರಿ, ಮೀಟರುಗಳು. ಎರಡನೇ ವರ್ಷ ಮೋಟಾರು, ಸ್ಟಾರ್ಟರ್, ಕಂಟ್ರೋಲ್ ಪ್ಯಾನೆಲ್, ವೈಂಡಿಂಗ್. ನಮ್ಮ ರೈತರಿಗೆ ಬೇಕಾದ್ದೆಲ್ಲ ಈ ಎರಡನೇ ವರ್ಷದಲ್ಲಿದೆ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಯೋಜನೆ. ಕಂಪ್ಯೂಟರಿನಿಂದ ನಡೆಯುವ ಲೇತ್, ರೋಬೋಟ್, ವಿದ್ಯುತ್ ವಾಹನದ ಉಪಕರಣಗಳೆಲ್ಲ ಬಂದವು. ಕಾರ್ಖಾನೆಗೆ ಹೋಗುವ ಹುಡುಗರಿಗೆ ಇದು ಒಳ್ಳೆಯದೇ. ಆದರೆ ಇಪ್ಪತ್ತು ಹುಡುಗರ ತರಗತಿಯಲ್ಲಿ ಪ್ರತಿಯೊಬ್ಬನಿಗೂ ಬಿಚ್ಚಿ ಕಟ್ಟಲು ಒಂದೊಂದು ಸುಟ್ಟ ಮೋಟಾರು ಎಲ್ಲಿಂದ ತರುವುದು? ಒಂದೇ ಸ್ಟೇಟರನ್ನು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ನಾಲ್ವರು ಕಟ್ಟಿದರೆ ಉಳಿದವರು ಸುತ್ತ ನಿಂತು ನೋಡುವುದು. ಈಜು ದಡದಲ್ಲಿ ನಿಂತು ನೋಡಿದರೆ ಬರುವುದಿಲ್ಲ.

ಸಂಜೆಯ ಶಾಲೆ

ಐದೂವರೆ ಸುಮಾರಿಗೆ ಬಸ್ಸು ಇಳಿದು ಮನೆಗೆ ಹೋಗದೆ ಅವನು ಸೀದಾ ವೈಂಡಿಂಗ್ ಅಂಗಡಿಗೆ ಹೋಗುತ್ತಾನೆ. ಅಂಗಡಿ ಎಂದರೆ ಹತ್ತಡಿ ಅಗಲದ ತಗಡಿನ ಮಳಿಗೆ. ಬಾಗಿಲ ಮುಂದೆ ಸುಟ್ಟ ಮೋಟಾರುಗಳ ಸಾಲು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ಊರಿನ ಹೆಸರು. ಒಳಗೆ ವಾರ್ನಿಷ್ ವಾಸನೆ. ಮೇಸ್ತ್ರಿ ಏಳನೇ ತರಗತಿ ಓದಿದವರು. ಮೂವತ್ತು ವರ್ಷದ ಅನುಭವ. ಮೋಟಾರು ಓಡುವ ಸದ್ದು ಕೇಳಿಯೇ ಬೇರಿಂಗು ಹೋಗಿದೆಯೋ ಇಲ್ಲವೋ ಹೇಳುತ್ತಾರೆ.

ಇಲ್ಲಿ ಪಾಠ ಹೇಳುವ ಪದ್ಧತಿಯೇ ಬೇರೆ. ಮೊದಲ ಎರಡು ತಿಂಗಳು ಮೋಟಾರು ಬಿಚ್ಚುವುದು, ತೊಳೆಯುವುದು, ಚಹಾ ತರುವುದು. ಬಿಚ್ಚುವಾಗ ಮುಚ್ಚಳಕ್ಕೂ ಬಾಡಿಗೂ ಪಂಚಿನಿಂದ ಗುರುತು ಹೊಡೆಯಬೇಕು. ಇಲ್ಲದಿದ್ದರೆ ಕೂರಿಸುವಾಗ ತಿರುವುಮುರುವಾಗಿ ರೋಟರು ಉಜ್ಜುತ್ತದೆ. ಮರೆತರೆ ಮೇಸ್ತ್ರಿ ಬೈಯುವುದಿಲ್ಲ. "ನೀನೇ ಜೋಡ್ಸು" ಎಂದು ಬಿಟ್ಟುಬಿಡುತ್ತಾರೆ. ಎರಡು ತಾಸು ಒದ್ದಾಡಿದ ಮೇಲೆ ಯಾರೂ ಮತ್ತೆ ಗುರುತು ಹೊಡೆಯುವುದನ್ನು ಮರೆಯುವುದಿಲ್ಲ.

ಒಂದು ಮೋಟಾರು ಕಟ್ಟುವುದು ಹೇಗೆ ಎಂದು ನಮ್ಮಲ್ಲಿ ಬಹಳ ಮಂದಿ ನೋಡಿಲ್ಲ. ದುಡ್ಡು ಕೊಡುವವರು ನಾವೇ ಆದ್ದರಿಂದ ತಿಳಿದಿರುವುದು ಒಳ್ಳೆಯದು.

ಹಳೆ ಕಾಯಿಲು ಕತ್ತರಿಸುವ ಮುಂಚೆ ಲೆಕ್ಕ ಬರೆದುಕೊಳ್ಳಬೇಕು. ಸ್ಲಾಟು ಎಷ್ಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿಯ ಗೇಜು ಎಷ್ಟು, ಕಾಯಿಲು ಎಷ್ಟನೇ ಸ್ಲಾಟಿನಿಂದ ಎಷ್ಟನೇ ಸ್ಲಾಟಿಗೆ ಹೋಗಿದೆ, ಜೋಡಣೆ ಸ್ಟಾರೋ ಡೆಲ್ಟಾವೋ. 24 ಸ್ಲಾಟಿನ ಸ್ಟೇಟರಿಗೆ ಒಂದೇ ಪದರದ ವೈಂಡಿಂಗ್ ಆದರೆ 12 ಕಾಯಿಲು, ಫೇಸಿಗೆ ನಾಲ್ಕು. ಆಮೇಲೆ ಒಂದು ಬದಿಯ ಕಾಯಿಲನ್ನು ಉಳಿಯಿಂದ ಕತ್ತರಿಸಿ ಇನ್ನೊಂದು ಬದಿಯಿಂದ ಎಳೆಯುತ್ತಾರೆ. ಕೆಲವರು ಬೇಗ ಆಗಲಿ ಎಂದು ಸ್ಟೇಟರಿಗೇ ಬೆಂಕಿ ಹಾಕಿ ತಂತಿ ಸುಡುತ್ತಾರೆ. ಹಾಗೆ ಮಾಡಿದರೆ ಒಳಗಿನ ತೆಳು ತಗಡುಗಳ ನಡುವಿನ ಲೇಪ ಹೋಗಿ, ಕಟ್ಟಿದ ಮೇಲೂ ಮೋಟಾರು ಬಿಸಿಯಾಗುತ್ತಲೇ ಇರುತ್ತದೆ.

ಸ್ಲಾಟು ಸ್ವಚ್ಛ ಮಾಡಿ ಇನ್ಸುಲೇಷನ್ ಕಾಗದ ಹಾಕಬೇಕು. ಮರದ ಅಚ್ಚಿನ ಮೇಲೆ ತಂತಿ ಸುತ್ತಿ ಕಾಯಿಲು ಮಾಡಬೇಕು. ನಾಲ್ಕೈದು ಎಳೆಯಂತೆ ಸ್ಲಾಟಿನೊಳಗೆ ಇಳಿಸಬೇಕು. ತಂತಿಯ ಮೇಲಿನ ಎನಾಮೆಲ್ ಎಲ್ಲೂ ಗೀಚಬಾರದು. ಬಿದಿರಿನ ಚಕ್ಕೆ ಬಡಿದು ಸ್ಲಾಟಿನ ಬಾಯಿ ಮುಚ್ಚಬೇಕು. ಫೇಸಿಗೂ ಫೇಸಿಗೂ ನಡುವೆ ಕಾಗದ, ಜಾಯಿಂಟಿಗೆ ಸ್ಲೀವು, ಮೇಲೆ ದಾರದ ಕಟ್ಟು. ಬಿಸಿ ಮಾಡಿ ವಾರ್ನಿಷ್ ಹೊಯ್ದು ಪೂರ್ತಿ ಒಣಗಿಸಬೇಕು. ನೀರೊಳಗೆ ಮುಳುಗಿ ಓಡುವ ಸಬ್‌ಮರ್ಸಿಬಲ್‌ಗೆ ವಾರ್ನಿಷ್ ಇಲ್ಲ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯ ತಂತಿಯೇ ಬೇರೆ.

ಇಷ್ಟೆಲ್ಲ ಆಗಲು ಸರಿಯಾಗಿ ಮಾಡಿದರೆ ಒಂದು ಪೂರ್ತಿ ದಿನವಾದರೂ ಬೇಕು. ನಾವು ಮಧ್ಯಾಹ್ನ ಮೋಟಾರು ಇಳಿಸಿ "ರಾತ್ರಿ ಮೂರು ಫೇಸು ಬರೋದ್ರೊಳಗೆ ಕೊಡು" ಎನ್ನುತ್ತೇವೆ. ಒಣಗದ ವಾರ್ನಿಷ್‌ನ ಮೋಟಾರು ನಮ್ಮ ಅವಸರದ ಫಲ.

ಸುಟ್ಟ ಕಾಯಿಲು ಓದುವುದು

ಎರಡು ಶಾಲೆಯ ಪಾಠವೂ ಒಂದಾಗುವುದು ಇಲ್ಲಿ. ಮೇಸ್ತ್ರಿಗೆ ಸುಟ್ಟ ಕಾಯಿಲು ನೋಡಿದ ಕೂಡಲೇ ಕಾರಣ ಗೊತ್ತಾಗುತ್ತದೆ. ಹೇಗೆ ಎಂದರೆ ಅವರಿಗೆ ವಿವರಿಸಲು ಬರುವುದಿಲ್ಲ. ಹುಡುಗ ಅದನ್ನು ತನ್ನ ದಪ್ಪ ನೋಟುಬುಕ್ಕಿನಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದಾನೆ. ರೈತರಿಗೂ ಉಪಯೋಗವಾಗುವುದರಿಂದ ಕೆಲವನ್ನು ಇಲ್ಲಿ ಕೊಡುತ್ತೇನೆ.

ಮೂರು ಫೇಸಿನ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ ಮೋಟಾರಿನ ಮೇಲೆ ಭಾರ ಹೆಚ್ಚಾಗಿದೆ ಅಥವಾ ವೋಲ್ಟೇಜು ಕಡಿಮೆ ಇತ್ತು ಎಂದರ್ಥ. ಪಂಪು ಜಾಮಾಗಿರಬಹುದು, ಬೇರಿಂಗು ಹಿಡಿದಿರಬಹುದು.

ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸು ಸುಟ್ಟು ಒಂದು ಹೊಸದರಂತೆ ಉಳಿದಿದ್ದರೆ, ಡೆಲ್ಟಾದಲ್ಲಿ ಒಂದು ಫೇಸು ಮಾತ್ರ ಕರಿಯಾಗಿದ್ದರೆ, ಓಡುವಾಗ ಲೈನಿನ ಒಂದು ಫೇಸು ಹೋಗಿದೆ. ಒಂದು ಫೇಸು ಹೋದರೂ ಓಡುತ್ತಿರುವ ಮೋಟಾರು ಕೂಡಲೇ ನಿಲ್ಲುವುದಿಲ್ಲ. ಅಷ್ಟೇ ನೀರು ಎತ್ತಲು ಉಳಿದ ಎರಡು ತಂತಿಯಲ್ಲಿ ಸುಮಾರು 1.7 ಪಟ್ಟು ಕರೆಂಟು ಎಳೆಯುತ್ತದೆ. ರಿಲೇ ಸರಿ ಇದ್ದರೆ ಟ್ರಿಪ್ ಮಾಡುತ್ತದೆ. ರಿಲೇಯನ್ನು ಕಟ್ಟಿಹಾಕಿದ್ದರೆ ಕಾಯಿಲು ಸುಡುತ್ತದೆ.

ಒಂದೇ ಜಾಗದಲ್ಲಿ ಚುಕ್ಕೆಯಂತೆ ಸುಟ್ಟಿದ್ದರೆ ಅಲ್ಲಿ ತಂತಿ ಗೀಚಿದೆ, ಇಲ್ಲವೇ ಕಾಗದ ಹರಿದಿದೆ. ಅದು ಹಿಂದಿನ ಸಲ ಕಟ್ಟಿದವರ ಕೆಲಸದ ದೋಷ. ಸ್ಟೇಟರಿನ ಒಳಮೈಯಲ್ಲಿ ಒಂದು ಕಡೆ ಉಜ್ಜಿದ ಹೊಳಪು ಇದ್ದರೆ ಬೇರಿಂಗು ಸವೆದಿದೆ. ತುಕ್ಕು, ತೇವ ಕಂಡರೆ ಸೀಲು ಹೋಗಿ ನೀರು ಒಳಗೆ ಬಂದಿದೆ.

"ಕಾಯಿಲ್ ಸುಟ್ಟಿದ್ದು ರೋಗ ಅಲ್ಲ ದೊಡ್ಡಪ್ಪ, ಜ್ವರ ಇದ್ದಂಗೆ. ರೋಗ ಬ್ಯಾರೆ ಕಡೆ ಐತೆ" ಎಂದ ಹುಡುಗ. ಅದೇ ಮೋಟಾರನ್ನು ಒಂದೇ ಬೇಸಿಗೆಯಲ್ಲಿ ಮೂರು ಸಲ ಕಟ್ಟಿಸಿದ ರೈತರು ನಮ್ಮಲ್ಲಿದ್ದಾರೆ. ಕಾಯಿಲು ಕಟ್ಟಿಸಿ ಕೊಂಡೊಯ್ದು, ಅದೇ ಕೆಟ್ಟ ಸ್ಟಾರ್ಟರಿಗೆ, ಅದೇ ಸಡಿಲ ಫ್ಯೂಸಿಗೆ ಜೋಡಿಸಿದರೆ ನಾಲ್ಕನೇ ಸಲವೂ ಸುಡುತ್ತದೆ.

ಎರಡು ಶಾಲೆಯ ನಡುವಿನ ಹುಡುಗ

ಐಟಿಐಯಲ್ಲಿ ಕಲಿತದ್ದನ್ನು ಅಂಗಡಿಯಲ್ಲಿ ಹೇಳಲು ಹೋದರೆ ಯಾವಾಗಲೂ ನಡೆಯುವುದಿಲ್ಲ. ಅಂಗಡಿಯಲ್ಲಿ ಮೆಗ್ಗರ್ ಇರಲಿಲ್ಲ. ಕಾಯಿಲಿಗೂ ಬಾಡಿಗೂ ನಡುವೆ ಕರೆಂಟು ಸೋರುತ್ತದೆಯೇ ಎಂದು ನೋಡುವ ಉಪಕರಣ ಅದು. ಮೇಸ್ತ್ರಿ ಒಂದು ಬಲ್ಬು ಹಚ್ಚಿ ನೋಡುತ್ತಿದ್ದರು. ಬಲ್ಬು ಹತ್ತದಿದ್ದರೆ ಸರಿ. ಪೂರ್ತಿ ಶಾರ್ಟಾಗಿದ್ದರೆ ಬಲ್ಬು ತೋರಿಸುತ್ತದೆ, ನಿಜ. ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ ತೋರಿಸುವುದಿಲ್ಲ. ಇವತ್ತು ಸ್ವಲ್ಪ ಸೋರುವ ಮೋಟಾರು ಮಳೆಗಾಲದಲ್ಲಿ ಮುಟ್ಟಿದವನನ್ನು ಹಿಡಿಯುತ್ತದೆ.

ಹುಡುಗ ಇದನ್ನು ಹೇಳಿದಾಗ ಮೇಸ್ತ್ರಿ ಸಿಟ್ಟಾದರಂತೆ. "ನಿಮ್ಮ ಐಟಿಐ ಹುಟ್ಟೋಕೆ ಮುಂಚಿಂದ ಮೋಟ್ರು ಕಟ್ತಾ ಇದೀನಿ" ಎಂದರಂತೆ. ಐಟಿಐ ಮೇಸ್ತ್ರಿಗಿಂತ ಹಿರಿಯದು ಎಂದು ಹುಡುಗ ಹೇಳಲಿಲ್ಲ. ಸುಮ್ಮನಿದ್ದ. ಕಲಿಯುವವನಿಗೆ ಸುಮ್ಮನಿರುವುದೂ ಒಂದು ಪಾಠ. ಒಂದು ತಿಂಗಳಾದ ಮೇಲೆ ಮೇಸ್ತ್ರಿಯೇ ದಾವಣಗೆರೆಗೆ ಹೋಗಿ 500 ವೋಲ್ಟಿನ ಒಂದು ಮೆಗ್ಗರ್ ತಂದರು. "ನೀನೇ ಹಿಡಿ, ನಂಗೆ ಕಣ್ಣು ಕಾಣಲ್ಲ" ಎಂದರು. ಈಗ ಮೋಟಾರು ಅಂಗಡಿಯಿಂದ ಹೊರಡುವ ಮುಂಚೆ ಹುಡುಗ ಅಳೆದು ನೋಡುತ್ತಾನೆ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮತ್ತೆ ಒಣಗಿಸುತ್ತಾರೆ.

ಉಲ್ಟಾ ಪಾಠವೂ ಇದೆ. ಐಟಿಐಯಲ್ಲಿ ಒಂದು ಸ್ಟೇಟರು ಕಟ್ಟಲು ಅವನ ಗುಂಪಿಗೆ ನಾಲ್ಕು ದಿನ ಬೇಕಾಗಿತ್ತು. ಅಂಗಡಿಯಲ್ಲಿ ಪಳಗಿದ ಮೇಲೆ ಒಂದೇ ದಿನದಲ್ಲಿ ಕಟ್ಟಿ ತೋರಿಸಿದ. ಪ್ರಶ್ನೆ ಕೇಳುವ ಹುಡುಗರಿಗೆ ಈಗ ಅವನೇ ಹೇಳಿಕೊಡುತ್ತಾನೆ. ಐಟಿಐ "ಯಾಕೆ" ಎಂಬುದನ್ನು ಕಲಿಸಿತು. ಅಂಗಡಿ "ಹೇಗೆ" ಎಂಬುದನ್ನು ಕಲಿಸಿತು. ಒಂದನ್ನೇ ಕಲಿತವರು ನಮ್ಮ ಸೀಮೆಯಲ್ಲಿ ಬಹಳ ಇದ್ದಾರೆ. ಎರಡನ್ನೂ ಕಲಿತವರು ಬೆರಳೆಣಿಕೆ.

ಕೊಯ್ಲಿನ ಕಾಲದ ರಾತ್ರಿ

ಅಡಿಕೆ ಕೊಯ್ಲು ಶುರುವಾದರೆ ದಿನಚರಿ ಬದಲು. ಅಡಿಕೆ ಸುಲಿಯುವ ಯಂತ್ರಗಳು ಹಗಲು ರಾತ್ರಿ ಓಡುತ್ತವೆ. ಬೆಲ್ಟು ಹರಿಯುತ್ತದೆ, ಬೇರಿಂಗು ಕಿರುಗುಟ್ಟುತ್ತದೆ, ಮೋಟಾರು ಬಿಸಿಯಾಗುತ್ತದೆ. ಯಂತ್ರ ನಿಂತರೆ ಹಸಿ ಅಡಿಕೆ ರಾಶಿ ಬಿದ್ದು ಬೆಲೆ ಕಳೆದುಕೊಳ್ಳುತ್ತದೆ. ರಾತ್ರಿ ಹತ್ತು ಗಂಟೆಗೂ "ತಮ್ಮಾ, ಸ್ವಲ್ಪ ಬಂದು ಹೋಗಪ್ಪ" ಎಂದು ಫೋನು ಬರುತ್ತದೆ. ಈ ಎರಡು ಮೂರು ತಿಂಗಳಲ್ಲಿ ಸಿಕ್ಕಿದ ದುಡ್ಡಿನಲ್ಲೇ ಅವನು ಒಂದು ಟಾಂಗ್ ಟೆಸ್ಟರ್, ಒಂದು ಸ್ಪ್ಯಾನರ್ ಸೆಟ್ ಕೊಂಡ. ಉಳಿದದ್ದನ್ನು ತಂಗಿಯ ಕಾಲೇಜಿಗೆ ಕೊಟ್ಟ.

ಆದರೆ ರಾತ್ರಿ ಹನ್ನೊಂದಕ್ಕೆ ಮಲಗಿ ಐದೂವರೆಗೆ ಎದ್ದು ಮಧ್ಯಾಹ್ನ ಥಿಯರಿ ಪಾಠದಲ್ಲಿ ಕುಳಿತರೆ ಕಣ್ಣು ಎಳೆಯುತ್ತದೆ. ನಿದ್ದೆಗಣ್ಣಲ್ಲಿ ಕರೆಂಟಿನ ಕೆಲಸ ಮಾಡಬಾರದು ಎಂದು ಮೇಷ್ಟ್ರು, ಮೇಸ್ತ್ರಿ ಇಬ್ಬರೂ ಹೇಳುತ್ತಾರೆ. ಫೋನು ಮಾಡುವವರು ನಾವು. ಹತ್ತು ಗಂಟೆ ಮೇಲೆ ಓದುವ ಹುಡುಗರನ್ನು ಕರೆಯಬಾರದು ಎಂದು ನಮ್ಮ ಓಣಿಯ ನಾಲ್ಕೈದು ಮನೆಯವರು ಈಗ ಮಾತಾಡಿಕೊಂಡಿದ್ದೇವೆ.

ಮುಂದೇನು?

ಪಾಸಾದ ಮೇಲೆ ಅವನ ಮುಂದೆ ಕೆಲವು ದಾರಿಗಳಿವೆ. ಮೊದಲನೆಯದು ಅಪ್ರೆಂಟಿಸ್. 1961ರ ಕಾಯಿದೆಯಂತೆ ಕಾರ್ಖಾನೆಗಳು ಐಟಿಐ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. 2019ರ ನಿಯಮದಲ್ಲಿ ಇವರ ಕನಿಷ್ಠ ಭತ್ಯೆ ತಿಂಗಳಿಗೆ 7,000 ರೂಪಾಯಿ ಎಂದಾಯಿತು. ಬೆಂಗಳೂರಿನ ಪೀಣ್ಯದಲ್ಲೋ ಬಿಡದಿಯಲ್ಲೋ ರೂಮು ಮಾಡಿ, ಊಟ ಮಾಡಿ ಇದರಲ್ಲಿ ಉಳಿಸುವುದು ಏನೂ ಇಲ್ಲ. ಆದರೂ ಕಂಪನಿಯ ಹೆಸರು ಸಿಗುತ್ತದೆ.

ಎರಡನೆಯದು ಪಾಲಿಟೆಕ್ನಿಕ್. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಮೂರನೆಯದು ವಿದ್ಯುತ್ ಕಂಪನಿಯ ಕೆಲಸ. ಕಿರಿಯ ಪವರ್‌ಮನ್ ಹುದ್ದೆಗೆ ನೋಡುವುದು ಹತ್ತನೇ ತರಗತಿಯ ಅಂಕ ಮತ್ತು ಕಂಬ ಹತ್ತುವ ಪರೀಕ್ಷೆ. ಎರಡು ವರ್ಷ ಎಲೆಕ್ಟ್ರಿಷಿಯನ್ ಓದಿದವನೂ ಕಂಬ ಹತ್ತಲೇಬೇಕು. ಅದಕ್ಕೆಂದೇ ಭಾನುವಾರ ಬೆಳಿಗ್ಗೆ ಹುಡುಗರು ಕಂಬ ಹತ್ತುವ ಅಭ್ಯಾಸ ಮಾಡುತ್ತಾರೆ.

ನಾಲ್ಕನೆಯದು ಊರಲ್ಲೇ ಉಳಿಯುವುದು. ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರವಾನಗಿ ಪಡೆದು ಸ್ವಂತ ಅಂಗಡಿ ಇಡುವುದು. ಮೇಸ್ತ್ರಿಗೆ ವಯಸ್ಸಾಗಿದೆ. ಅವರ ಮಗ ಬೆಂಗಳೂರಿನಲ್ಲಿದ್ದಾನೆ. "ಅಂಗಡಿ ನೀನೇ ನೋಡ್ಕೋ" ಎಂದು ಮೇಸ್ತ್ರಿ ಹುಡುಗನಿಗೆ ಎರಡು ಸಲ ಹೇಳಿದ್ದಾರೆ. ಹುಡುಗ ಇನ್ನೂ ಹೂಂ ಎಂದಿಲ್ಲ.

ಯಾಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಕೆಲಸ ಇಷ್ಟ ಐತೆ ದೊಡ್ಡಪ್ಪ. ಮೋಟ್ರು ತಗೊಂಡು ಹೋಗೋವಾಗ ಎಲ್ರೂ 'ಅಡಿಕೆ ಕೊಟ್ಟ ಮ್ಯಾಲೆ ಕೊಡ್ತೀನಿ' ಅಂತಾರೆ. ತಂತಿ ಅಂಗಡಿಯೋನು ನಂಗೆ ಸಾಲ ಕೊಡಲ್ಲ. ಮೇಸ್ತ್ರಿ ಬುಕ್ಕಲ್ಲಿ ಎರಡು ವರ್ಷದ ಬಾಕಿ ಐತೆ. ಮದುವೆಗೆ ಹೆಣ್ಣು ಕೇಳೋಕೆ ಹೋದ್ರೂ ಕಂಪನೀಲಿ ಇದ್ದೋನಿಗೆ ಬೆಲೆ, ಮೋಟ್ರು ಕಟ್ಟೋನಿಗೆ ಇಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ತಾಮ್ರದ ತಂತಿಯನ್ನು ಅವನು ರೊಕ್ಕ ಕೊಟ್ಟೇ ತರಬೇಕು. ನಾವು ಕೂಲಿ ಜತೆಗೆ ತಂತಿಯ ದುಡ್ಡನ್ನೂ ಬಾಕಿ ಇಡುತ್ತೇವೆ.

ಹಾಗೆಂದು ಇವರು ಇಲ್ಲದೆ ನಡೆಯುತ್ತದೆಯೇ? ಮೊಬೈಲಿನಿಂದ ಚಾಲು ಮಾಡುವ ಸ್ಟಾರ್ಟರುಗಳು ತೋಟಕ್ಕೆ ಬಂದಿವೆ. ಸೋಲಾರ್ ಪಂಪು, ಅದರ ಕಂಟ್ರೋಲರ್, ಹನಿ ನೀರಾವರಿಯ ಆಟೋಮ್ಯಾಟಿಕ್ ವಾಲ್ವು ಬಂದಿವೆ. ಇವನ್ನು ಹಳೆ ಮೇಸ್ತ್ರಿ ಮುಟ್ಟುವುದಿಲ್ಲ. ಕಂಪನಿಯವರಿಗೆ ಫೋನು ಮಾಡಿದರೆ ಬರುವಷ್ಟರಲ್ಲಿ ಅಡಿಕೆ ಹರಳು ಉದುರಿರುತ್ತದೆ. ಕಾಯಿಲೂ ಕಟ್ಟಬಲ್ಲ, ಸರ್ಕ್ಯೂಟ್ ಚಿತ್ರವನ್ನೂ ಓದಬಲ್ಲ ಹುಡುಗ ಹತ್ತಿರದಲ್ಲಿ ಇರಬೇಕು. ಅವನನ್ನು ಪೀಣ್ಯಕ್ಕೆ ಕಳಿಸಿ, ಆಮೇಲೆ "ಊರಲ್ಲಿ ಒಬ್ಬ ಮೆಕ್ಯಾನಿಕ್ ಇಲ್ಲ" ಎಂದು ನಾವು ಗೊಣಗಿ ಪ್ರಯೋಜನವಿಲ್ಲ.

ರೈತರು ಮಾಡಬಹುದಾದ್ದು

ಹುಡುಗ, ಮೇಸ್ತ್ರಿ ಇಬ್ಬರ ಜತೆ ಕುಳಿತು ಮಾತಾಡಿ ಮಾಡಿದ ಪಟ್ಟಿ ಇದು. ದುಡ್ಡಿನ ಖರ್ಚು ಕಡಿಮೆ.

1. ಕಟ್ಟಿಸಲಾಗದ ಹಳೆ ಮೋಟಾರು, ಕೆಟ್ಟ ಸ್ಟಾರ್ಟರು, ಹಳೆ ಪ್ಯಾನೆಲ್ ಬೋರ್ಡು ಮನೆ ಹಿಂದೆ ಬಿದ್ದಿದ್ದರೆ ಗುಜರಿಗೆ ಹಾಕುವ ಮುಂಚೆ ಹತ್ತಿರದ ಐಟಿಐಯಲ್ಲಿ ವಿಚಾರಿಸಿ. ಹುಡುಗರಿಗೆ ಬಿಚ್ಚಲು ಒಂದು ಮೋಟಾರು ಸಿಕ್ಕಿದರೆ ಅದೇ ಒಂದು ಪಠ್ಯಪುಸ್ತಕ.

2. ಮೋಟಾರು ಕಟ್ಟಲು ಕೊಡುವಾಗ ಯಾವ ಸ್ಥಿತಿಯಲ್ಲಿ ಸುಟ್ಟಿತು ಎಂದು ಸರಿಯಾಗಿ ಹೇಳಿ. ಎರಡು ಫೇಸಿನಲ್ಲಿ ಕಂಡೆನ್ಸರ್ ಹಾಕಿ ಓಡಿಸಿದ್ದರೆ ಅದನ್ನೂ ಹೇಳಿ. ವೈದ್ಯರಿಗೆ, ಮೇಸ್ತ್ರಿಗೆ ಸುಳ್ಳು ಹೇಳಿದರೆ ನಷ್ಟ ನಮಗೇ.

3. ಹಳೆ ತಾಮ್ರದ ತೂಕ, ಹೊಸ ತಂತಿಯ ತೂಕ ಎರಡನ್ನೂ ಬರೆಸಿಕೊಳ್ಳಿ. ಹಳೆ ತಂತಿಗಿಂತ ಸಣ್ಣ ಗೇಜು ಹಾಕಿದರೆ ಮೋಟಾರು ಬಿಸಿಯಾಗುತ್ತದೆ. ಒಳ್ಳೆ ಕೆಲಸಗಾರ ತೂಕ ತೋರಿಸಲು ಹಿಂಜರಿಯುವುದಿಲ್ಲ.

4. ಜೋಡಿಸಿದ ದಿನ ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸಿನ ಕರೆಂಟು ಅಳೆಸಿ. ಮೂರೂ ಹೆಚ್ಚುಕಡಿಮೆ ಸಮ ಇರಬೇಕು. ಮೂರು ಫೇಸಿನ ಮೋಟಾರಿಗೆ ಎಚ್‌ಪಿಗೆ ಸುಮಾರು ಒಂದೂವರೆ ಆಂಪಿಯರ್ ಎಂಬುದು ಅಂದಾಜು. 5 ಎಚ್‌ಪಿ ಆದರೆ ಏಳೂವರೆ ಆಸುಪಾಸು. ಆ ಅಂಕಿಯನ್ನು ಸ್ಟಾರ್ಟರ್ ಪೆಟ್ಟಿಗೆಯ ಒಳಗೆ ಬರೆದಿಡಿ. ಮುಂದೆ ಹೆಚ್ಚಾದರೆ ಸುಡುವ ಮುಂಚೆಯೇ ಗೊತ್ತಾಗುತ್ತದೆ.

5. ರಿಲೇ ಕಟ್ಟುವುದು, ಸ್ಟಾರ್ಟರ್ ಗುಂಡಿಗೆ ಕಡ್ಡಿ ಸಿಗಿಸುವುದು, ಫ್ಯೂಸಿಗೆ ದಪ್ಪ ತಾಮ್ರ ಹಾಕುವುದು ಬಿಡಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ.

6. ಮೇನ್ ಆಫ್ ಮಾಡದೆ "ಸುಮ್ನೆ ನೋಡಪ್ಪ" ಎಂದು ಕಲಿಯುವ ಹುಡುಗರನ್ನು ಲೈನಿನ ಮೇಲೆ ಕೈ ಹಾಕಿಸಬೇಡಿ. ಕಂಬ ಹತ್ತಿಸಲೇಬೇಡಿ. ಅದು ಲೈನ್‌ಮನ್ ಕೆಲಸ. ಹುಡುಗ "ಆಗಲ್ಲ" ಎಂದರೆ ಸೊಕ್ಕು ಎಂದುಕೊಳ್ಳಬೇಡಿ, ಪಾಠ ಚೆನ್ನಾಗಿ ಆಗಿದೆ ಎಂದು ತಿಳಿಯಿರಿ.

7. ಕೂಲಿ ಆಮೇಲೆ ಕೊಟ್ಟರೂ ತಂತಿಯ ದುಡ್ಡನ್ನು ಮೋಟಾರು ಒಯ್ಯುವ ದಿನವೇ ಕೊಡಿ.

ಏಳನೆಯದನ್ನು ಪಟ್ಟಿಗೆ ಸೇರಿಸಿದ್ದು ಮೇಸ್ತ್ರಿ. ಹುಡುಗನಿಗೆ ಹೇಳಲು ಸಂಕೋಚ.

ನಮ್ಮ ಓಣಿಯ ಕೆಲವರು ಈ ಬೇಸಿಗೆಯಿಂದ ಒಂದು ಪದ್ಧತಿ ಶುರು ಮಾಡಿದ್ದೇವೆ. ತಲಾ ಸ್ವಲ್ಪ ದುಡ್ಡು ಹಾಕಿ ಅಂಗಡಿಗೆ ಮುಂಗಡ ಕೊಟ್ಟಿದ್ದೇವೆ. ಆ ದುಡ್ಡಿನಲ್ಲಿ ತಂತಿ ತಂದಿಟ್ಟುಕೊಳ್ಳಬಹುದು. ನಮ್ಮ ಮೋಟಾರು ಸುಟ್ಟಾಗ ಅದರಲ್ಲಿ ವಜಾ. ದೊಡ್ಡ ಮೊತ್ತವೇನಲ್ಲ. ಮಳೆಗಾಲಕ್ಕೆ ಮುಂಚೆ ಹುಡುಗ ನಮ್ಮೆಲ್ಲರ ಸ್ಟಾರ್ಟರ್, ಜಾಯಿಂಟು, ಅರ್ಥಿಂಗ್ ಒಮ್ಮೆ ನೋಡಿಕೊಡಬೇಕು ಎಂಬುದು ಒಪ್ಪಂದ. ಸುಟ್ಟ ಮೇಲೆ ಕಟ್ಟುವುದಕ್ಕಿಂತ ಸುಡದಂತೆ ನೋಡಿಕೊಳ್ಳುವ ಕೆಲಸಕ್ಕೂ ಕೂಲಿ ಇದೆ ಎಂದು ಅವನಿಗೆ ಗೊತ್ತಾಗಲಿ ಎಂದು.

ಅವನು ಉಳಿಯುತ್ತಾನೋ ಹೋಗುತ್ತಾನೋ ಇನ್ನೂ ತೀರ್ಮಾನವಾಗಿಲ್ಲ. ಜುಲೈ ಪರೀಕ್ಷೆ ಮುಗಿಯಲಿ ಎಂದಿದ್ದಾನೆ. ನಿಮ್ಮ ಊರಲ್ಲೂ ಇಂಥ ಹುಡುಗರಿದ್ದರೆ, ಅವರನ್ನು ಊರಲ್ಲೇ ಉಳಿಸಿಕೊಂಡ ದಾರಿ ನಿಮಗೆ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ನಮಗೆ ಅದು ತುರ್ತಾಗಿ ಬೇಕಾಗಿದೆ.